ಫ್ಲೋರೋಬೆಂಜೀನೂ ಚಿಕ್ಕಪ್ಪನವರ ಕೈಬರಹವೂ



ಮೂವತ್ತು ವರ್ಷಗಳಿಗೂ ಮೀರಿ ಕಾಲೇಜಿನ ತರಗತಿಗಳಲ್ಲಿ ಹಳಗನ್ನಡ ಕಾವ್ಯವನ್ನೂ ಛಂದಸ್ಸನ್ನೂ ಪಾಠ ಹೇಳಿ ನಿವೃತ್ತನಾದವನು ನಾನು. ಅಂಥವನು ಇಂದು ಫ್ಲೋರೋಬೆಂಜೀನ್ ಎಂಬ ರಾಸಾಯನಿಕ ವಸ್ತುವೊಂದನ್ನು ಕುರಿತು ಮಾತನಾಡಲು ಹೊರಟಿರುವುದು ನಿಮಗೆ ಸೋಜಿಗವೆನಿಸಬಹುದು. ಈ ವಸ್ತುವಿಗೂ ನನಗೂ ಇರುವ ನಂಟು ಪ್ರಯೋಗಶಾಲೆಯಿಂದ ಬಂದುದಲ್ಲ, ಮನೆಯಿಂದ ಬಂದುದು. ಆದುದರಿಂದ ಮನೆಯ ಮಾತಿನಿಂದಲೇ ಆರಂಭಿಸುತ್ತೇನೆ.

ನನ್ನ ಚಿಕ್ಕಪ್ಪನವರು 2009ರಲ್ಲಿ ತೀರಿಕೊಂಡರು. ಅವರ ತಗಡಿನ ಟ್ರಂಕಿನ ತಳದಲ್ಲಿ ಹಳೆಯ ನೋಟುಪುಸ್ತಕಗಳ ಕಟ್ಟೊಂದು ಸಿಕ್ಕಿತು. ಚಿಕ್ಕಪ್ಪನವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಊರಿನಲ್ಲಿ ಹೆಸರಾದ ಗಮಕಿಗಳು. ಕುಮಾರವ್ಯಾಸ ಭಾರತದ ಪದ್ಯಗಳನ್ನು ಕೈಯಾರೆ ಪ್ರತಿ ಮಾಡಿಟ್ಟುಕೊಂಡು ಓದುವುದು ಅವರ ವಾಡಿಕೆ. ಆ ಪುಸ್ತಕಗಳನ್ನು ಕಾಲಕ್ರಮದಲ್ಲಿ ಜೋಡಿಸಿ ನೋಡಿದೆ. 1960ರ ದಶಕದವುಗಳಲ್ಲಿ ಅಕ್ಷರಗಳು ಗುಂಡಗೆ, ಮುತ್ತು ಪೋಣಿಸಿದಂತೆ ಇವೆ. 1974ರಿಂದ ಮುಂದಿನವುಗಳಲ್ಲಿ ಅಕ್ಷರಗಳು ಸಾಲಿನಿಂದ ಸಾಲಿಗೆ ಕುಗ್ಗುತ್ತ, ಪುಟದ ಕೊನೆಯಲ್ಲಿ ಇರುವೆಯ ಸಾಲಿನಷ್ಟು ಸಣ್ಣಗಾಗಿವೆ. 1980ರ ದಶಕದ ಕೊನೆಯ ವೇಳೆಗೆ ಅವು ಮತ್ತೆ ಒಂದಿಷ್ಟು ಅರಳಿವೆ; ಆದರೆ ಮೊದಲಿನ ಗಾತ್ರಕ್ಕೆ ಬಂದಿಲ್ಲ. ಈ ಏರಿಳಿತದ ಕಾರಣವನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ನನ್ನ ಗೆಳೆಯರು. “ಮೇಷ್ಟ್ರೇ, ಈ ಅಕ್ಷರಗಳ ಚರಿತ್ರೆ ತಿಳಿಯಬೇಕಾದರೆ ನೀವು ಒಂದು ಬಳೆಯಿಂದ ಆರಂಭಿಸಬೇಕು” ಎಂದು ಅವರು ಕಾಗದದ ಮೇಲೆ ಆರು ಮೂಲೆಗಳ ಆಕೃತಿಯೊಂದನ್ನು ಬರೆದುಕೊಟ್ಟರು.

ಆ ಬಳೆಯೇ ಬೆಂಜೀನ್. ಇದನ್ನು 1825ರಲ್ಲಿ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ, ದೀಪದ ಅನಿಲವನ್ನು ಒತ್ತಿ ತುಂಬಿದಾಗ ಉಳಿಯುತ್ತಿದ್ದ ಎಣ್ಣೆಯಿಂದ ಬೇರ್ಪಡಿಸಿದನು. ಆರು ಇಂಗಾಲದ ಪರಮಾಣುಗಳು ಕೈ ಕೈ ಹಿಡಿದು ವೃತ್ತವಾಗಿ ನಿಂತಿವೆ. ಒಂದೊಂದರ ಹೊರಮೈಗೂ ಒಂದೊಂದು ಜಲಜನಕದ ಪರಮಾಣು ಅಂಟಿಕೊಂಡಿದೆ. ಈ ರಚನೆಯನ್ನು 1865ರಲ್ಲಿ ಸೂಚಿಸಿದವನು ಜರ್ಮನಿಯ ಕೆಕುಲೆ. ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಹಾವೊಂದನ್ನು ಜೊಂಪಿನಲ್ಲಿ ಕಂಡು ತನಗೆ ಈ ವಿಚಾರ ಹೊಳೆಯಿತೆಂದು ಅವನು 1890ರಲ್ಲಿ ತನ್ನ ಗೌರವಾರ್ಥವಾಗಿ ನಡೆದ ಸಮಾರಂಭದಲ್ಲಿ ಹೇಳಿಕೊಂಡನು. ಈ ಬಳೆಯನ್ನು ಒಡಲಲ್ಲಿಟ್ಟುಕೊಂಡ ವಸ್ತುಗಳಿಗೆ ಆರೊಮ್ಯಾಟಿಕ್ ಸಂಯುಕ್ತಗಳೆಂದು ಹೆಸರು. ಮೊದಮೊದಲು ದೊರೆತ ಇಂಥ ಹಲವು ವಸ್ತುಗಳಿಗೆ ಸುವಾಸನೆಯಿದ್ದುದರಿಂದ ಆ ಹೆಸರು ಬಂದಿತು. ವಾಸನೆಯಿಲ್ಲದವೂ ಆ ಕುಲಕ್ಕೆ ಸೇರಿದ ಮೇಲೆ ಹೆಸರು ಮಾತ್ರ ಉಳಿಯಿತು. ಶಬ್ದಾರ್ಥಗಳ ಇಂಥ ಅಗಲಿಕೆ ನಮ್ಮಂಥ ಭಾಷಾಭ್ಯಾಸಿಗಳಿಗೆ ಹೊಸದೇನೂ ಅಲ್ಲ.

ಬೆಂಜೀನಿನ ಆರು ಜಲಜನಕಗಳಲ್ಲಿ ಒಂದನ್ನು ತೆಗೆದು ಆ ಜಾಗದಲ್ಲಿ ಫ್ಲೋರಿನ್ನಿನ ಒಂದು ಪರಮಾಣುವನ್ನು ಕೂರಿಸಿದರೆ ಅದು ಫ್ಲೋರೋಬೆಂಜೀನ್. ಕಣ್ಣಿಗೆ ನೀರಿನಂತೆ ಬಣ್ಣವಿಲ್ಲದ ದ್ರವ. ಮೂಗಿಗೆ ಬೆಂಜೀನಿನಂಥದೇ ವಾಸನೆ. ಬೆಂಕಿ ತಾಗಿದರೆ ಥಟ್ಟನೆ ಹೊತ್ತಿಕೊಳ್ಳುವ ಸ್ವಭಾವ. ಬೆಂಜೀನ್ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ ಇದು ಸುಮಾರು 85ರಲ್ಲಿ ಕುದಿಯುತ್ತದೆ. ಆದರೆ ಬೆಂಜೀನ್ ಐದೂವರೆ ಡಿಗ್ರಿಯಲ್ಲೇ ಹೆಪ್ಪುಗಟ್ಟಿದರೆ, ಇದು ಹೆಪ್ಪುಗಟ್ಟಬೇಕಾದರೆ ಸೊನ್ನೆಗಿಂತ ಸುಮಾರು 42 ಡಿಗ್ರಿ ಕೆಳಕ್ಕೆ ಇಳಿಯಬೇಕು. ಬೆಂಜೀನ್ ನೀರಿನ ಮೇಲೆ ತೇಲುತ್ತದೆ. ಇದು ನೀರಿಗಿಂತ ಅತ್ಯಲ್ಪವಾಗಿ ಭಾರವಾದುದರಿಂದ ತಳಕ್ಕೆ ಇಳಿಯುತ್ತದೆ. ಒಂದೇ ಒಂದು ಪರಮಾಣು ಬದಲಾದುದರ ಫಲ ಇಷ್ಟು. ಒಂದು ಅಕ್ಷರ ಪಲ್ಲಟವಾದರೆ ಪದ್ಯದ ಅರ್ಥವೇ ಬೇರೆಯಾಗುವುದನ್ನು ಬಲ್ಲವರಿಗೆ ಇದು ಅರ್ಥವಾಗದ ಸಂಗತಿಯಲ್ಲ.

ಆ ಒಂದು ಪರಮಾಣುವನ್ನು ಅಲ್ಲಿ ಕೂರಿಸುವುದು ಸುಲಭದ ಮಾತಲ್ಲ. ಫ್ಲೋರಿನ್ ಧಾತುಗಳಲ್ಲೆಲ್ಲ ಅತ್ಯಂತ ಉಗ್ರವಾದುದು. ಇತರ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆದುಕೊಳ್ಳುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಅದನ್ನು ಬಿಡಿಯಾಗಿ ಪಡೆಯಲು ಹತ್ತೊಂಬತ್ತನೆಯ ಶತಮಾನದಲ್ಲಿ ಯತ್ನಿಸಿದವರ ಕಥೆ ದಾರುಣವಾದುದು. ಐರ್ಲೆಂಡಿನ ನಾಕ್ಸ್ ಸೋದರರು ಅದರ ಆಮ್ಲದ ಹೊಗೆಯಿಂದ ತೀವ್ರವಾಗಿ ಅಸ್ವಸ್ಥರಾದರು. ಬೆಲ್ಜಿಯಮ್ಮಿನ ಲುಯೆ, ಫ್ರಾನ್ಸಿನ ನಿಕ್ಲೆಸ್ ಪ್ರಾಣವನ್ನೇ ತೆತ್ತರು. ಕೊನೆಗೆ ಪ್ಯಾರಿಸ್ಸಿನಲ್ಲಿ 1886ರ ಜೂನ್ 26ರಂದು ಹೆನ್ರಿ ಮೊಯ್ಸಾನ್, ಪ್ಲಾಟಿನಮ್ಮಿನ ಪಾತ್ರೆಯಲ್ಲಿ ಬಹು ತಣ್ಣನೆಯ ಸ್ಥಿತಿಯಲ್ಲಿ ವಿದ್ಯುತ್ತನ್ನು ಹಾಯಿಸಿ ಅದನ್ನು ಬೇರ್ಪಡಿಸಿದನು. 1906ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಮರುವರ್ಷವೇ ಅವನು ತೀರಿಕೊಂಡನು.

ಅದೇ 1886ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಒಟ್ಟೊ ವಾಲಾಖ್ ಎಂಬ ವಿದ್ವಾಂಸನು, ಆ ಉಗ್ರ ಅನಿಲದ ಗೊಡವೆಗೇ ಹೋಗದೆ, ಅದರ ಆಮ್ಲವನ್ನು ಬಳಸಿಕೊಂಡು ಫ್ಲೋರೋಬೆಂಜೀನನ್ನು ತಯಾರಿಸುವ ಮಾರ್ಗವೊಂದನ್ನು ಪ್ರಕಟಿಸಿದನು. 1927ರಲ್ಲಿ ಬಾಲ್ಟ್ಸ್ ಮತ್ತು ಶೀಮನ್ ಎಂಬಿಬ್ಬರು ಇನ್ನೂ ಸುಗಮವಾದ ದಾರಿಯನ್ನು ತೋರಿಸಿದರು. ಬಣ್ಣದ ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ಅನಿಲಿನ್ ಎಂಬ ವಸ್ತುವನ್ನು ಮೊದಲು ತಣ್ಣನೆಯ ದ್ರಾವಣದಲ್ಲಿ ಒಂದು ಅಸ್ಥಿರ ಲವಣವಾಗಿ ಮಾರ್ಪಡಿಸುವುದು. ಅದಕ್ಕೆ ಬೋರಾನ್ ಮತ್ತು ಫ್ಲೋರಿನ್ ಕೂಡಿದ ಆಮ್ಲವನ್ನು ಸೇರಿಸಿ ಗಟ್ಟಿ ಲವಣವಾಗಿ ಇಳಿಸಿಕೊಳ್ಳುವುದು. ಆಮೇಲೆ ಅದನ್ನು ಎಚ್ಚರಿಕೆಯಿಂದ ಕಾಯಿಸುವುದು. ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಅದು ತೆರವು ಮಾಡಿದ ಪೀಠದಲ್ಲಿ ಫ್ಲೋರಿನ್ ಬಂದು ಕುಳಿತುಕೊಳ್ಳುತ್ತದೆ.

ಹೀಗೆ ಕುಳಿತ ಫ್ಲೋರಿನ್ ಮತ್ತೆ ಏಳುವುದು ಬಹಳ ಕಷ್ಟ. ಇಂಗಾಲವು ಬೇರೊಂದು ಧಾತುವಿನೊಡನೆ ಮಾಡಿಕೊಳ್ಳುವ ಒಂಟಿ ಬಂಧಗಳಲ್ಲಿ ಫ್ಲೋರಿನ್ನಿನ ಬಂಧದಷ್ಟು ಬಿಗಿಯಾದುದು ಇನ್ನೊಂದಿಲ್ಲ. ಬಿಡಿಯಾಗಿರುವಾಗ ಎಲ್ಲವನ್ನೂ ಸುಡುವ ಧಾತು, ಬಂಧಕ್ಕೊಳಗಾದ ಮೇಲೆ ಪರಮ ಶಾಂತ. ಈ ಶಾಂತಗುಣದಿಂದಲೇ ಫ್ಲೋರೋಬೆಂಜೀನಿಗೆ ಒಂದು ಉಪಯೋಗ ದೊರೆತಿದೆ: ಬೇರೆ ದ್ರವಗಳಲ್ಲಿ ಹಾಕಿದರೆ ಅವುಗಳ ಮೇಲೇ ಎರಗುವಂಥ ಚುರುಕಾದ ವಸ್ತುಗಳನ್ನು ಕರಗಿಸಿಟ್ಟುಕೊಳ್ಳಲು ರಸಾಯನಜ್ಞರು ಇದನ್ನು ದ್ರಾವಕವಾಗಿ ಬಳಸುತ್ತಾರೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಫ್ಲೋರಿನ್ ಎಂದೊಡನೆ ನಮ್ಮ ನಾಡಿನವರಿಗೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡಗಳ ಕೊಳವೆಬಾವಿಗಳ ನೀರು ನೆನಪಿಗೆ ಬರುತ್ತದೆ. ಕಂದುಗಟ್ಟಿದ ಹಲ್ಲುಗಳೂ ಬಾಗಿದ ಮೂಳೆಗಳೂ ಕಣ್ಣ ಮುಂದೆ ನಿಲ್ಲುತ್ತವೆ. ಆ ಕೇಡಿಗೆ ಕಾರಣವಾದುದು ಕಲ್ಲಿನಿಂದ ನೀರಿಗೆ ಇಳಿದ ಫ್ಲೋರೈಡ್; ಅದು ನೀರಿನಲ್ಲಿ ಬಿಡಿಯಾಗಿ ಅಲೆಯುವ ಸ್ಥಿತಿಯಲ್ಲಿರುತ್ತದೆ. ಲೀಟರಿಗೆ ಒಂದು ಮಿಲಿಗ್ರಾಮ್, ಬೇರೆ ಆಕರವಿಲ್ಲದಿದ್ದರೆ ಒಂದೂವರೆ ಮಿಲಿಗ್ರಾಮ್, ಇದು ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಇಟ್ಟುಕೊಂಡಿರುವ ಮಿತಿ. ನಾನು ಹೇಳುತ್ತಿರುವ ಫ್ಲೋರಿನ್ ಬಳೆಗೆ ಬೆಸೆದುಕೊಂಡುದು. ಇವೆರಡನ್ನೂ ಒಂದೇ ಎಂದು ಎಣಿಸಿ ಔಷಧಕ್ಕೆ ಹೆದರುವುದು ತಪ್ಪು. ಹಾಗೆಂದು ಆ ಬಂಧದ ಬಿಗಿತ ಎಲ್ಲೆಡೆಯೂ ವರವೇ ಎಂದೂ ಹೇಳಲಾಗದು. ಫ್ಲೋರಿನ್ನನ್ನು ಉದ್ದಕ್ಕೂ ತುಂಬಿಕೊಂಡ ಕೆಲವು ಕೃತಕ ಸಂಯುಕ್ತಗಳು ಮಣ್ಣಿನಲ್ಲೂ ನೀರಿನಲ್ಲೂ ಕೊಳೆಯದೆ ಉಳಿದು ಇಂದು ಲೋಕಕ್ಕೆ ಚಿಂತೆಯನ್ನು ತಂದಿವೆ.

ಇನ್ನು ಫ್ಲೋರೋಬೆಂಜೀನಿನ ಮುಖ್ಯ ಉಪಯೋಗಕ್ಕೆ ಬರೋಣ. ಅದು ಔಷಧ ತಯಾರಿಕೆಯ ಕಚ್ಚಾಸಾಮಗ್ರಿ. ನಾವು ನುಂಗಿದ ಮದ್ದನ್ನು ನಮ್ಮ ಯಕೃತ್ತು ಪರಕೀಯವೆಂದೇ ಭಾವಿಸಿ ಒಡೆದು ಹೊರಹಾಕಲು ಹವಣಿಸುತ್ತದೆ. ಬೆಂಜೀನಿನ ಬಳೆ ಇರುವಲ್ಲಿ ಅದು ಸಾಮಾನ್ಯವಾಗಿ ಬಳೆಯ ತುದಿಯ ಜಲಜನಕದ ಕಡೆಯಿಂದ ಲಗ್ಗೆ ಹಾಕುತ್ತದೆ. ಅಲ್ಲಿ ಫ್ಲೋರಿನ್ನನ್ನು ಕಾವಲಿಗೆ ನಿಲ್ಲಿಸಿದರೆ ಆ ದಾರಿ ಮುಚ್ಚುತ್ತದೆ. ಫ್ಲೋರಿನ್ ಗಾತ್ರದಲ್ಲಿ ಜಲಜನಕಕ್ಕಿಂತ ತುಸುವೇ ದೊಡ್ಡದು. ಆದುದರಿಂದ ಅಣುವಿನ ಆಕಾರ ಹೆಚ್ಚು ಕೆಡುವುದಿಲ್ಲ. ಜೊತೆಗೆ ಕೊಬ್ಬಿನಲ್ಲಿ ಕರಗುವ ಗುಣ ಹೆಚ್ಚುವುದರಿಂದ ಜೀವಕೋಶಗಳ ಪೊರೆಯನ್ನು ದಾಟುವುದು ಸುಲಭವಾಗುತ್ತದೆ. ಇಂದು ಬಳಕೆಯಲ್ಲಿರುವ ಔಷಧಗಳಲ್ಲಿ ಸುಮಾರು ಐದರಲ್ಲೊಂದು ಪಾಲಿನವು ಫ್ಲೋರಿನ್ನನ್ನು ಹೊಂದಿವೆಯೆಂದು ಹೇಳುತ್ತಾರೆ. ನನ್ನ ವಯಸ್ಸಿನ ಶ್ರೋತೃಗಳಲ್ಲಿ ಅನೇಕರು ರಾತ್ರಿ ಊಟದ ಮೇಲೆ ರಕ್ತದ ಕೊಬ್ಬನ್ನು ಇಳಿಸುವ ಅಟೋರ್ವಾಸ್ಟಾಟಿನ್ ಮಾತ್ರೆಯನ್ನು ತೆಗೆದುಕೊಳ್ಳುತ್ತೀರಿ. ಅದರ ಅಣುವಿನಲ್ಲಿ ಫ್ಲೋರಿನ್ ತೊಟ್ಟ ಈ ಬಳೆ ಇದೆ. ಸೋಂಕಿಗೆ ಕೊಡುವ ಸಿಪ್ರೋಫ್ಲಾಕ್ಸಸಿನ್ ಮಾತ್ರೆಯ ಹೆಸರಿನ ನಡುವೆಯೇ ಫ್ಲೋರಿನ್ನಿನ ಗುರುತು ಅಡಗಿದೆ.

ಆದರೆ ಚಿಕ್ಕಪ್ಪನವರ ನೋಟುಪುಸ್ತಕಕ್ಕೆ ಸಂಬಂಧಿಸಿದ ಔಷಧ ಇವುಗಳಿಗಿಂತ ಹಳೆಯದು. ಬೆಲ್ಜಿಯಮ್ಮಿನ ಬೇರ್ಸೆ ಎಂಬ ಊರಿನಲ್ಲಿ ಪಾಲ್ ಯಾನ್ಸೆನ್ ಎಂಬ ತರುಣ ವೈದ್ಯರು ಔಷಧ ಸಂಶೋಧನಾಲಯವೊಂದನ್ನು ನಡೆಸುತ್ತಿದ್ದರು. ಅವರು ಅರಸುತ್ತಿದ್ದುದು ನೋವು ಕಳೆಯುವ ಮದ್ದನ್ನು. ಪೆಥಿಡಿನ್ ಎಂಬ ನೋವುನಿವಾರಕದ ಅಣುವನ್ನು ಬಗೆಬಗೆಯಾಗಿ ತಿದ್ದುತ್ತ ಹೋದಾಗ, ಕೆಲವು ಹೊಸ ಅಣುಗಳು ಇಲಿಗಳ ನೋವನ್ನು ಕಳೆಯುವುದಕ್ಕೆ ಬದಲಾಗಿ ಅವುಗಳನ್ನು ಕದಲದಂತೆ ಶಾಂತವಾಗಿ ಕೂರಿಸಿದುವು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಮನೋರೋಗಕ್ಕೆ ಬಳಸಿ ಗೆದ್ದಿದ್ದ ಕ್ಲೋರ್‌ಪ್ರೊಮಜಿನ್ ಮಾಡುತ್ತಿದ್ದುದೂ ಇದನ್ನೇ. ಯಾನ್ಸೆನ್ನರು ಆ ಜಾಡನ್ನು ಹಿಡಿದರು. ಫ್ಲೋರೋಬೆಂಜೀನಿನಿಂದ ತಯಾರಿಸಿದ ಒಂದು ತುಣುಕನ್ನು ಇನ್ನೊಂದು ತುಣುಕಿಗೆ ಬೆಸೆದು 1958ರ ಫೆಬ್ರವರಿಯಲ್ಲಿ ಅವರ ತಂಡ ಪಡೆದ ವಸ್ತುವೇ ಹ್ಯಾಲೊಪೆರಿಡಾಲ್. ಅದೇ ವರ್ಷ ಲಿಯೇಜ್ ನಗರದ ಮನೋವೈದ್ಯರು ಅದನ್ನು ರೋಗಿಗಳಿಗೆ ಕೊಟ್ಟು ಫಲಿತಾಂಶವನ್ನು ಪ್ರಕಟಿಸಿದರು. ಬಳೆಯ ತುದಿಯಲ್ಲಿ ಫ್ಲೋರಿನ್ ಇದ್ದ ಅಣುಗಳೇ ಈ ಕುಲದಲ್ಲಿ ಬಲಶಾಲಿಗಳೆಂದು ಕಂಡುಬಂದಿತು. ಕ್ಲೋರ್‌ಪ್ರೊಮಜಿನ್ 100 ಮಿಲಿಗ್ರಾಮ್ ಮಾಡುವ ಕೆಲಸವನ್ನು ಇದು ಸುಮಾರು 2 ಮಿಲಿಗ್ರಾಮ್ ಮಾಡುತ್ತದೆ. ಐದು ಮಿಲಿಗ್ರಾಮಿನ ಒಂದು ಮಾತ್ರೆಯಲ್ಲಿ ಫ್ಲೋರಿನ್ನಿನ ಪಾಲು ಕಾಲು ಮಿಲಿಗ್ರಾಮ್ ಮಾತ್ರ.

ಶ್ರೋತೃಗಳೇ, ಈಗ 1970ನೆಯ ಇಸವಿಗೆ ಬನ್ನಿ. ನನಗೆ ಆಗ ಹನ್ನೆರಡು ವರ್ಷ, ಚಿಕ್ಕಪ್ಪನವರಿಗೆ ಇಪ್ಪತ್ತೆಂಟು. ನನಗೆ ಭಾಮಿನಿ ಷಟ್ಪದಿಯ ನಡೆಯನ್ನು ಬೆರಳ ತಾಳದಲ್ಲಿ ಕಲಿಸಿದವರು ಅವರು. ಆ ವರ್ಷ ಅವರು ಯಾರೂ ಆಡದ ಮಾತುಗಳಿಗೆ ಉತ್ತರ ಕೊಡತೊಡಗಿದರು. ಶಾಲೆಯ ಹೆಂಚಿನ ಸಂದಿಯಿಂದ ಯಾರೋ ತಮ್ಮನ್ನು ಬೈಯುತ್ತಿದ್ದಾರೆಂದು ಹೇಳಿ ಪಾಠವನ್ನು ಅರ್ಧಕ್ಕೆ ಬಿಟ್ಟು ಬಂದರು. ಮನೆಯವರು ಹರಕೆ ಹೊತ್ತರು, ಅಂತ್ರ ಕಟ್ಟಿಸಿದರು, ಮಂತ್ರವಾದಿಯನ್ನು ಕರೆಸಿದರು. ಯಾವುದರಿಂದಲೂ ಗುಣ ಕಾಣದೆ, ರಾತ್ರಿ ಹೊತ್ತು ಓಡಿಹೋಗುತ್ತಾರೆಂಬ ಭಯದಿಂದ, ದನದ ಕೊಟ್ಟಿಗೆಯ ಕಂಬಕ್ಕೆ ಹಗ್ಗದಿಂದ ಕಟ್ಟಿದರು. ಕಟ್ಟಿದವರು ಕ್ರೂರಿಗಳಲ್ಲ, ನನ್ನ ತಂದೆಯವರೇ. ಕಟ್ಟಿ ಬಂದು ಜಗಲಿಯ ಮೇಲೆ ಕುಳಿತು ಅಳುತ್ತಿದ್ದುದನ್ನು ನಾನು ಕಂಡಿದ್ದೇನೆ.

1973ರಲ್ಲಿ ನಗರದ ಮನೋವೈದ್ಯರೊಬ್ಬರಲ್ಲಿಗೆ ಅವರನ್ನು ಕರೆದೊಯ್ದರು. ಅವರು ಕೊಟ್ಟುದು ಹ್ಯಾಲೊಪೆರಿಡಾಲ್. ಆರು ವಾರಗಳಲ್ಲಿ ಹೆಂಚಿನ ಸಂದಿಯ ದನಿಗಳು ದೂರವಾದುವು. ಮೂರು ತಿಂಗಳಲ್ಲಿ ಚಿಕ್ಕಪ್ಪನವರು ಶಾಲೆಗೆ ಮರಳಿದರು. ಕೊಟ್ಟಿಗೆಯ ಹಗ್ಗವನ್ನು ನನ್ನ ತಂದೆಯವರು ಒಲೆಗೆ ಹಾಕಿ ಸುಟ್ಟರು.

ಆದರೆ ಮನೆಗೆ ಮರಳಿದವರು ಹಿಂದಿನ ಚಿಕ್ಕಪ್ಪನವರೇ ಆಗಿರಲಿಲ್ಲ. ಮುಖದಲ್ಲಿ ನಗು ಮೂಡಲು ಹೊತ್ತು ಹಿಡಿಯುತ್ತಿತ್ತು. ನಡೆಯುವಾಗ ಕೈ ಬೀಸುತ್ತಿರಲಿಲ್ಲ. ಲೇಖನಿ ಹಿಡಿದರೆ ಬೆರಳು ಸೆಟೆದು ಅಕ್ಷರ ಕುಗ್ಗುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಗಮಕ ನಿಂತಿತು. ದನಿ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ; ಯುದ್ಧದ ಪದ್ಯವೂ ಶೋಕದ ಪದ್ಯವೂ ಒಂದೇ ಸಮನಾಗಿ ಹೊರಡುತ್ತಿದ್ದುವು. ಒಮ್ಮೆ ಅವರೇ, “ಆ ದನಿಗಳ ಜೊತೆಗೆ ನನ್ನ ದನಿಯೂ ಹೋಯಿತು, ಮಗು” ಎಂದರು.

ಹೀಗೇಕಾಯಿತೆಂಬುದನ್ನು ವಿಜ್ಞಾನ ಈಗ ಬಹುಮಟ್ಟಿಗೆ ಹೇಳಬಲ್ಲದು. ಮಿದುಳಿನ ಜೀವಕೋಶಗಳು ಒಂದಕ್ಕೊಂದು ಸುದ್ದಿ ಕಳುಹಿಸಲು ಬಳಸುವ ವಸ್ತುಗಳಲ್ಲಿ ಡೋಪಮಿನ್ ಒಂದು. ಈ ಔಷಧಗಳು ಡೋಪಮಿನ್ನಿನ ಕೆಲಸಕ್ಕೆ ತಡೆಯೊಡ್ಡುತ್ತವೆಂಬುದನ್ನು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1963ರಲ್ಲಿ ಸೂಚಿಸಿದರು. 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. 1975ರಲ್ಲಿ ಟೊರಾಂಟೊದ ಫಿಲಿಪ್ ಸೀಮನ್, ಹ್ಯಾಲೊಪೆರಿಡಾಲಿಗೇ ವಿಕಿರಣದ ಗುರುತು ಹಚ್ಚಿ, ಅದು ಮಿದುಳಿನಲ್ಲಿ ಡೋಪಮಿನ್ನಿಗೆ ಮೀಸಲಾದ ಆಸನಗಳಲ್ಲಿ ಹೋಗಿ ಕೂರುವುದನ್ನು ತೋರಿಸಿದರು. ಆಸನ ತುಂಬಿದ ಮೇಲೆ ಡೋಪಮಿನ್ನಿಗೆ ಎಡೆಯಿಲ್ಲ. ಅತಿಯಾದ ಸುದ್ದಿಯಿಂದ ಹುಟ್ಟಿದ ಭ್ರಮೆ ಹೀಗೆ ತಗ್ಗುತ್ತದೆ. ಆದರೆ ಕೈಕಾಲುಗಳ ಚಲನೆಯನ್ನು ಸರಾಗಗೊಳಿಸುವುದೂ ಅದೇ ಡೋಪಮಿನ್. ಅಲ್ಲಿಯೂ ಆಸನಗಳು ತುಂಬಿಹೋದರೆ ಮೈ ಸೆಟೆಯುತ್ತದೆ, ಅಕ್ಷರ ಕುಗ್ಗುತ್ತದೆ. 2000ದಲ್ಲಿ ಪ್ರಕಟವಾದ ಟೊರಾಂಟೊದ ಇನ್ನೊಂದು ಅಧ್ಯಯನದ ಪ್ರಕಾರ, ನೂರಕ್ಕೆ ಸುಮಾರು 65 ಆಸನಗಳು ತುಂಬಿದಾಗ ರೋಗ ತಗ್ಗುವ ಸಂಭವ ಹೆಚ್ಚುತ್ತದೆ. 78 ದಾಟಿದರೆ ಸೆಟೆತ ಕಾಣಿಸಿಕೊಳ್ಳುವ ಸಂಭವ ಹೆಚ್ಚುತ್ತದೆ. ಮದ್ದಿಗೂ ಬಾಧೆಗೂ ನಡುವೆ ಇರುವ ಓಣಿ ಇಷ್ಟು ಕಿರಿದು. ಬಹಳ ಮಂದಿಗೆ ದಿನಕ್ಕೆ ಒಂದೆರಡು ಮಿಲಿಗ್ರಾಮಿನಲ್ಲೇ ಆ ಓಣಿಯೊಳಗೆ ನಡೆಯಬಹುದೆಂಬುದು ಚಿಕ್ಕಪ್ಪನವರ ಕಾಲದಲ್ಲಿ ಇನ್ನೂ ಸ್ಪಷ್ಟವಾಗಿ ತಿಳಿದಿರಲಿಲ್ಲ.

ಇಂಥ ಬಲವುಳ್ಳ ವಸ್ತು ಅಧಿಕಾರದ ಕೈಗೆ ಸಿಕ್ಕರೆ ಏನಾದೀತು? ಅದಕ್ಕೂ ಇತಿಹಾಸ ಉತ್ತರ ಕೊಟ್ಟಿದೆ. ಅಂದಿನ ಸೋವಿಯತ್ ಒಕ್ಕೂಟದಲ್ಲಿ, ಸರ್ಕಾರವನ್ನು ಒಪ್ಪದವರನ್ನು ಹುಚ್ಚರೆಂದು ಘೋಷಿಸಿ ಆಸ್ಪತ್ರೆಗಳಲ್ಲಿ ಕೂಡಿಹಾಕಿ ಈ ಔಷಧವನ್ನೇ ಕೊಟ್ಟರು. ನತಾಲ್ಯಾ ಗೋರ್ಬನೆವ್‌ಸ್ಕಯಾ ಎಂಬ ಕವಯಿತ್ರಿ, 1968ರ ಆಗಸ್ಟ್ 25ರಂದು ಮಾಸ್ಕೋದ ಕೆಂಪು ಚೌಕದಲ್ಲಿ, ಚೆಕೊಸ್ಲೊವಾಕಿಯಾದ ಮೇಲಿನ ದಾಳಿಯನ್ನು ಖಂಡಿಸಿ ಕುಳಿತ ಕೆಲವೇ ಮಂದಿಯಲ್ಲಿ ಒಬ್ಬರು. ಎಳೆಗೂಸನ್ನು ಜೊತೆಗೆ ಕರೆತಂದಿದ್ದರು. ಮರುವರ್ಷ ಅವರನ್ನು ಬಂಧಿಸಿ, ಆಮೇಲೆ ಕಜಾನಿನ ಆಸ್ಪತ್ರೆಗೆ ಹಾಕಿ ಹ್ಯಾಲೊಪೆರಿಡಾಲ್ ಕೊಟ್ಟರು. ಲಿಯೊನಿದ್ ಪ್ಲ್ಯುಶ್ಚ್ ಎಂಬ ಗಣಿತಜ್ಞರಿಗೂ ಅದೇ ಗತಿಯಾಯಿತು. 1976ರಲ್ಲಿ ಹೊರದೇಶಕ್ಕೆ ಬಂದ ಮೇಲೆ ಅವರು ತಮ್ಮ ಅನುಭವವನ್ನು ಜಗತ್ತಿನ ಮುಂದೆ ಇಟ್ಟರು.

ನಾನು ಆ ವರದಿಗಳನ್ನು ಓದಿದವನು. ಈಗ ನಾನು ಹೇಳಬೇಕಾದ ಮಾತು ಅಲ್ಲಿಂದಲೇ ಹೊರಡುತ್ತದೆ. ಇದನ್ನು ಇಂದಿನವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

1982ರ ಬೇಸಗೆಯಲ್ಲಿ ನಾನು ಹೊಸದಾಗಿ ಅಧ್ಯಾಪಕನಾಗಿ, ಹುಚ್ಚು ಎಂಬುದು ಸಮಾಜ ಹಚ್ಚುವ ಹೆಸರು ಮಾತ್ರವೆಂದು ವಾದಿಸುವ ಲೇಖನಗಳನ್ನು ಓದಿಕೊಂಡು, ರಜೆಗೆಂದು ಊರಿಗೆ ಹೋಗಿದ್ದೆ. ಸಂಜೆ ಜಗಲಿಯ ಮೇಲೆ ಚಿಕ್ಕಪ್ಪನವರು ಒಂದು ಸಾಲನ್ನು ಬರೆಯಲು ಹೆಣಗುತ್ತಿದ್ದುದನ್ನು ಕಂಡು ನನಗೆ ಸಹಿಸಲಾಗಲಿಲ್ಲ.

“ಚಿಕ್ಕಪ್ಪ, ಒಂಬತ್ತು ವರ್ಷದಿಂದ ನಿಮಗೆ ಏನೂ ಆಗಿಲ್ಲವಲ್ಲ. ನಿಮ್ಮ ಕಂಠವನ್ನು ತಿಂದಿರುವುದು ಈ ಮಾತ್ರೆ. ನಿಲ್ಲಿಸಿ ನೋಡಬಾರದೇ?” ಎಂದೆ.

ಅವರು ನನ್ನನ್ನು ದಿಟ್ಟಿಸಿ ನೋಡಿ, “ನೀನು ಓದಿದವನು. ನಿಲ್ಲಿಸಬಹುದು ಅನ್ನುತ್ತೀಯಾ?” ಎಂದು ಕೇಳಿದರು.

“ನಿಲ್ಲಿಸಬಹುದು” ಎಂದೆ.

ಮೊದಲ ಎರಡು ತಿಂಗಳು ನಾನು ಹೇಳಿದ್ದೇ ಸರಿಯೆಂಬಂತೆ ಕಂಡಿತು. ಬೆರಳು ಸಡಿಲಗೊಂಡಿತು, ನಗು ಬಂದಿತು. ಶ್ರಾವಣದ ಒಂದು ರಾತ್ರಿ ಅವರು ಹಿಂದಿನಂತೆಯೇ ಕರ್ಣನ ಕಥೆಯನ್ನು ವಾಚಿಸಿದರಂತೆ. ಕೇಳಿದವರ ಕಣ್ಣು ಒದ್ದೆಯಾಯಿತೆಂದು ಚಿಕ್ಕಮ್ಮ ನನಗೆ ಕಾಗದ ಬರೆಸಿದ್ದರು. ನಾನು ಆ ಕಾಗದವನ್ನು ಹೆಮ್ಮೆಯಿಂದ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಮೂರನೆಯ ತಿಂಗಳು ದನಿಗಳು ಮರಳಿದುವು. ಒಂದು ರಾತ್ರಿ ಚಿಕ್ಕಪ್ಪನವರು ಮನೆ ಬಿಟ್ಟು ಹೋದರು. ಹನ್ನೊಂದನೆಯ ದಿನ ದೂರದ ರೈಲು ನಿಲ್ದಾಣವೊಂದರಲ್ಲಿ, ಮೈಮೇಲೆ ಬಟ್ಟೆಯೂ ಸರಿಯಾಗಿಲ್ಲದ ಸ್ಥಿತಿಯಲ್ಲಿ ಸಿಕ್ಕಿದರು. ಕಾಲಿನ ಹುಣ್ಣು ಮಾಯಲು ಆರು ತಿಂಗಳು ಹಿಡಿಯಿತು.

ಮಾತ್ರೆ ಏಕೆ ನಿಂತಿತೆಂದು ಚಿಕ್ಕಮ್ಮ ಕೇಳಿದಾಗ, ನಾನು ಪಕ್ಕದಲ್ಲೇ ನಿಂತಿದ್ದೆ. ಚಿಕ್ಕಪ್ಪನವರು, “ನಾನೇ ಮರೆತೆ” ಎಂದರು. ನಾನು ಬಾಯಿ ಬಿಡಲಿಲ್ಲ. ಚಿಕ್ಕಮ್ಮ 2016ರಲ್ಲಿ ತೀರಿಕೊಂಡರು; ಅವರಿಗೆ ನಿಜ ಕೊನೆಗೂ ತಿಳಿಯಲಿಲ್ಲ.

ನನ್ನ ತಪ್ಪು ಯಾವುದೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ಅವರ ದನಿ ಉಳಿಯಬೇಕೆಂದು ಬಯಸಿದ್ದು ತಪ್ಪಲ್ಲ. ಗೋರ್ಬನೆವ್‌ಸ್ಕಯಾ ಅವರಿಗೆ ರೋಗವಿರಲಿಲ್ಲ, ಔಷಧವನ್ನು ಬಲವಂತವಾಗಿ ಕೊಟ್ಟಿದ್ದರು. ಚಿಕ್ಕಪ್ಪನವರಿಗೆ ರೋಗವಿತ್ತು, ಔಷಧ ಅವರನ್ನು ಹಗ್ಗದಿಂದ ಬಿಡಿಸಿತ್ತು. ಈ ಎರಡು ಸಂಗತಿಗಳನ್ನು ನಾನು ಒಂದಾಗಿ ಕಂಡೆ. ಅಣು ಒಂದೇ ಆದರೂ ಅದನ್ನು ಕೊಡುವ ಕೈ ಯಾವುದು, ಕೊಡುವುದು ಯಾರಿಗೆ, ಎಷ್ಟು ಎಂಬುದನ್ನು ಅವಲಂಬಿಸಿ ಅದರ ಧರ್ಮ ಬದಲಾಗುತ್ತದೆ. ವೈದ್ಯರ ಬಳಿಗೆ ಹೋಗಿ, “ಇವರ ಬೆರಳು ಸೆಟೆದಿದೆ, ಗಮಕ ನಿಂತಿದೆ, ಪ್ರಮಾಣವನ್ನು ಇಳಿಸಲು ಸಾಧ್ಯವೇ?” ಎಂದು ಕೇಳಬೇಕಾಗಿದ್ದವನು, ಮಾತ್ರೆಯನ್ನೇ ಎಸೆಯಿಸಿದೆ.

ಆ ಪ್ರಶ್ನೆಯನ್ನು ಕೇಳಿದಾಗ ಉತ್ತರ ದೊರೆಯಿತು. 1985ರ ಸುಮಾರಿಗೆ ಬೇರೊಬ್ಬ ವೈದ್ಯರು ಪ್ರಮಾಣವನ್ನು ನಿಧಾನವಾಗಿ ಇಳಿಸುತ್ತ ಬಂದು, ಸೆಟೆತವನ್ನು ತಗ್ಗಿಸುವ ಇನ್ನೊಂದು ಪುಟ್ಟ ಮಾತ್ರೆಯನ್ನು ಜೊತೆಗೂಡಿಸಿದರು. ಅಕ್ಷರಗಳು ಮತ್ತೆ ಅರಳಿದ್ದು ಆಗ. ಚಿಕ್ಕಪ್ಪನವರು ಶಾಲೆಯಿಂದ ನಿವೃತ್ತರಾಗುವವರೆಗೆ ಕೆಲಸ ಮಾಡಿದರು. ಗಮಕವನ್ನೂ ಮತ್ತೆ ಆರಂಭಿಸಿದರು. ದನಿ ಹಿಂದಿನಷ್ಟು ಎತ್ತರಕ್ಕೆ ಏರುತ್ತಿರಲಿಲ್ಲ, ಆದರೆ ಶೋಕದ ಪದ್ಯ ಶೋಕವಾಗಿಯೇ ಕೇಳುತ್ತಿತ್ತು.

ನಮ್ಮ ನಾಡು ಈ ವಿಷಯದಲ್ಲಿ ಒಂದು ಒಳ್ಳೆಯ ದಾರಿಯನ್ನು ತೋರಿಸಿದೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಕೆಲವೇ ಕೆಲವು ಅವಶ್ಯಕ ಔಷಧಗಳಿಂದ ಹಳ್ಳಿಯಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಹೀಗಿದ್ದೂ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಿಂದ ಕಟ್ಟಿದ್ದ ಮನೋರೋಗಿಗಳು ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯಿದೆ ಸರಪಳಿಯನ್ನು ನಿಷೇಧಿಸಿದೆ. ಈಗ ಹ್ಯಾಲೊಪೆರಿಡಾಲಿಗಿಂತ ಸೆಟೆತ ಕಡಿಮೆಯಿರುವ ಔಷಧಗಳೂ ಬಂದಿವೆ. ಅವುಗಳಲ್ಲೊಂದಾದ ರಿಸ್ಪೆರಿಡೋನಿನ ಬಳೆಗೂ ಫ್ಲೋರಿನ್ ಅಂಟಿಕೊಂಡಿದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿ ಹ್ಯಾಲೊಪೆರಿಡಾಲ್ ಇಂದಿಗೂ ಉಳಿದಿದೆ.

ಈ ಭಾಷಣವನ್ನು ಕೇಳುತ್ತಿರುವವರಲ್ಲಿ, ಮನೆಯಲ್ಲಿ ಇಂಥ ಒಬ್ಬರನ್ನು ನೋಡಿಕೊಳ್ಳುತ್ತಿರುವವರು ಇರಬಹುದು. ಅವರಲ್ಲಿ ನನ್ನದೊಂದು ಬಿನ್ನಹ. ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ; ನನ್ನಂಥ ಓದಿದವನು ಹೇಳಿದರೂ ನಿಲ್ಲಿಸಬೇಡಿ. ಹಾಗೆಯೇ, ಮಾತ್ರೆಯಿಂದ ಆಗುತ್ತಿರುವ ಕಷ್ಟವನ್ನು ನುಂಗಿಕೊಂಡು ಸುಮ್ಮನಿರಬೇಡಿ. ಕೈ ಸೆಟೆದರೆ, ನಗು ಮಾಯವಾದರೆ, ಬರಹ ಕುಗ್ಗಿದರೆ ವೈದ್ಯರ ಮುಂದೆ ಹೇಳಿ. ಹಳೆಯ ಬರಹವನ್ನೂ ಹೊಸ ಬರಹವನ್ನೂ ಅಕ್ಕಪಕ್ಕದಲ್ಲಿ ಇಟ್ಟು ತೋರಿಸಿ.

ಚಿಕ್ಕಪ್ಪನವರ ಕೊನೆಯ ನೋಟುಪುಸ್ತಕ 2008ನೆಯ ಇಸವಿಯದು. ಕರ್ಣಪರ್ವದ ನಡುವೆ ಪ್ರತಿ ನಿಂತಿದೆ. ಅಕ್ಷರ ನಡುಗಿದೆ, ಆದರೆ ಕನ್ನಡಕವಿಲ್ಲದೆಯೇ ನಾನು ಓದಬಲ್ಲಷ್ಟು ದೊಡ್ಡದಾಗಿದೆ. ಉಳಿದ ಪದ್ಯಗಳನ್ನು ನನ್ನ ಕೈಯಿಂದ ಪ್ರತಿ ಮಾಡಿ ಮುಗಿಸುತ್ತಿದ್ದೇನೆ.



(ಆಕಾಶವಾಣಿಯ ಕೃಪೆ)